ಅಳೆದು ಮಾರುವವರು: ಗೋಣಿಕೊಪ್ಪಲಿನ ಪಂಪ್‌ಸೆಟ್ ಅಂಗಡಿಯೊಂದರ ಅನುಭವ

ಕಳೆದ ವರ್ಷ ಮಾರ್ಚ್ ತಿಂಗಳ ಮೊದಲ ವಾರದಲ್ಲಿ, ಆರು ಎಕರೆ ರೊಬಸ್ಟಾ ತೋಟದ ಮೂರು ಎಕರೆಗೆ ಹೂವಿನ ನೀರು ಕೊಟ್ಟು ಮುಗಿಸುವಷ್ಟರಲ್ಲಿ, ನಮ್ಮ ಮನೆಯವರು ಬದುಕಿದ್ದಾಗ ತಂದಿದ್ದ ಹಳೆಯ ಡೀಸೆಲ್ ಎಂಜಿನ್ ನಿಂತುಹೋಯಿತು. ಕಾಫಿ ಬೆಳೆಯುವವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು ಬರೆಯುತ್ತೇನೆ. ರೊಬಸ್ಟಾ ಗಿಡದ ಮೊಗ್ಗು ಫೆಬ್ರುವರಿ, ಮಾರ್ಚ್‌ನಲ್ಲಿ ಸುಮಾರು ಒಂದು ಅಂಗುಲ ಮಳೆಗಾಗಿ ಕಾದು ನಿಂತಿರುತ್ತದೆ. ಹೂಮಳೆ ಬಿದ್ದರೆ, ಇಲ್ಲವೇ ಅಷ್ಟೇ ನೀರನ್ನು ನಾವು ಸ್ಪ್ರಿಂಕ್ಲರ್‌ನಲ್ಲಿ ಕೊಟ್ಟರೆ, ಏಳೆಂಟು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಅದಾದ ಹದಿನೈದು ಇಪ್ಪತ್ತು ದಿನಗಳಲ್ಲಿ ಇನ್ನೊಮ್ಮೆ ನೀರು ಸಿಗಬೇಕು. ಅದಕ್ಕೆ ಬ್ಯಾಕಿಂಗ್ ಎನ್ನುತ್ತೇವೆ. ನೀರು ಸಾಲದ ಕಡೆ ಮೊಗ್ಗು ಪೂರ್ತಿ ಅರಳದೆ ಕಂದುಬಣ್ಣಕ್ಕೆ ತಿರುಗಿ ಒಣಗುತ್ತದೆ, ಮುಂದಿನ ಕೊಯ್ಲಿನಲ್ಲಿ ಆ ಸಾಲುಗಳಲ್ಲಿ ಕೊಯ್ಯಲು ಹೆಚ್ಚೇನೂ ಉಳಿದಿರುವುದಿಲ್ಲ. ನಮ್ಮ ಉಳಿದ ಮೂರು ಎಕರೆಗೆ ಆ ವರ್ಷ ಆದದ್ದು ಅದೇ.

ಎಂಜಿನ್ ಕೆಟ್ಟ ಮುಂದಿನ ತಿಂಗಳು ಹೊಸ ಪಂಪ್‌ಸೆಟ್ ಕೊಳ್ಳಲು ಹೊರಟ ನಾನು ಮೂರು ಅಂಗಡಿಗಳ ಮೆಟ್ಟಿಲು ಹತ್ತಿದೆ. ಈ ಬರಹ ಮೂರನೆಯ ಅಂಗಡಿಯ ಬಗ್ಗೆ, ಅದರಲ್ಲಿಯೂ ಅಲ್ಲಿ ಮಾರಾಟ ನೋಡಿಕೊಳ್ಳುವ ಒಬ್ಬರ ಬಗ್ಗೆ. ಹೋಲಿಕೆಗಾಗಿ ಮೊದಲ ಎರಡು ಅಂಗಡಿಗಳ ಕೊರತೆಯನ್ನೂ ಹೇಳಬೇಕಾಗಿರುವುದರಿಂದ ಯಾವ ಅಂಗಡಿಯ ಹೆಸರನ್ನೂ ಬರೆದಿಲ್ಲ. ಮೂರನೆಯದು ಗೋಣಿಕೊಪ್ಪಲಿನಲ್ಲಿದೆ ಎಂದಷ್ಟು ಹೇಳಿದರೆ ಸಾಕು. ದಕ್ಷಿಣ ಕೊಡಗಿನಲ್ಲಿ ಪಂಪು, ಪೈಪು, ಸ್ಪ್ರಿಂಕ್ಲರ್ ಮಾರುವ ಅಂಗಡಿಗಳಿಗೆ ಕೊರತೆಯಿಲ್ಲ. ಎಲ್ಲರ ಬಳಿಯೂ ಹೆಚ್ಚು ಕಡಿಮೆ ಅದೇ ಮೂರು ನಾಲ್ಕು ಕಂಪನಿಗಳ ಮಾಲು ಇರುತ್ತದೆ, ಅದೇ ಕ್ಯಾಟಲಾಗು ಇರುತ್ತದೆ, ಬೆಲೆಯಲ್ಲಿಯೂ ಹೇಳಿಕೊಳ್ಳುವಂಥ ವ್ಯತ್ಯಾಸವಿರುವುದಿಲ್ಲ. ಹಾಗಿರುವಾಗ ಗಿರಾಕಿಯೊಬ್ಬರು ಒಂದು ಅಂಗಡಿಯನ್ನು ಬಿಟ್ಟು ಇನ್ನೊಂದಕ್ಕೆ ಏಕೆ ಹೋಗಬೇಕು ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಈ ಕೊಳ್ಳುವಿಕೆಯಲ್ಲಿ.

ಮೊದಲ ಅಂಗಡಿಯಲ್ಲಿ ನಾನು ಕುರ್ಚಿಯಲ್ಲಿ ಕುಳಿತು ಒಂದು ನಿಮಿಷವಾಗಿರಲಿಲ್ಲ, ಅಲ್ಲಿದ್ದವರು ‘ಮನೆಯಿಂದ ಗಂಡಸರು ಯಾರಾದರೂ ಬಂದಿದ್ದಾರೆಯೇ?’ ಎಂದು ಕೇಳಿದರು. ಒಂಬತ್ತು ವರ್ಷಗಳಿಂದ ತೋಟದ ಲೆಕ್ಕ, ಕೊಯ್ಲು, ಗೊಬ್ಬರ ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತಿದ್ದೇನೆ ಎಂದು ಹೇಳಿದ ಮೇಲೂ ಅವರ ಮಾತೆಲ್ಲ ನನ್ನ ಜೊತೆಗೆ ಬಂದಿದ್ದ, ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮಗನ ಕಡೆಗೇ ಇತ್ತು. ತೋಟ ಎಲ್ಲಿ, ಕೆರೆ ಎಲ್ಲಿ, ಏರು ಎಷ್ಟು ಎಂದು ಒಂದು ಮಾತೂ ಕೇಳದೆ ಇಪ್ಪತ್ತು ಎಚ್‌ಪಿ ಎಂಜಿನ್ ತೆಗೆದುಕೊಳ್ಳಿ ಎಂದರು. ಈ ವರ್ಷ ಮಳೆಯ ಲಕ್ಷಣವೇ ಇಲ್ಲ, ತಡಮಾಡಿದರೆ ಸ್ಟಾಕ್ ಇರುವುದಿಲ್ಲ, ಬೇರೆ ಅಂಗಡಿಯವರು ಹಳೆಯ ಮಾಲಿಗೆ ಬಣ್ಣ ಹೊಡೆದು ಕೊಡುತ್ತಾರೆ ಎಂದು ಹೆದರಿಸಿದರು. ಕೊನೆಗೆ, ಅಂದೇ ಮುಂಗಡ ಕೊಟ್ಟರೆ ಮಿಕ್ಸಿ ಗೆಲ್ಲುವ ಕೂಪನ್ ಕೊಡುವುದಾಗಿ ಹೇಳಿದರು. ಗಿರಾಕಿಯ ಅಳುಕನ್ನು ಹಿಡಿದು ಮಾರುವ ಈ ರೀತಿ ಒಂದು ಸಲ ಫಲ ಕೊಡಬಹುದು. ಎರಡನೆಯ ಸಲ ಆ ಗಿರಾಕಿ ಆ ಬೀದಿಯಲ್ಲಿ ನಡೆಯುವಾಗ ಎದುರು ಬದಿಗೆ ದಾಟಿಕೊಳ್ಳುತ್ತಾರೆ.

ಎರಡನೆಯ ಅಂಗಡಿಯವರು ಮರ್ಯಾದೆಯಿಂದಲೇ ಮಾತನಾಡಿಸಿದರು. ಅವರಲ್ಲಿದ್ದುದು ಬೆಲೆಯ ಮಾತು ಒಂದೇ. ‘ಎಲ್ಲಿ ಕೊಂಡರೂ ಅದೇ ಮಾಲು, ನಮ್ಮಲ್ಲಿ ಕಡಿಮೆ’ ಎಂದು ಎಂಟು ಎಚ್‌ಪಿ ಸೆಟ್ಟಿನ ದರ ಹೇಳಿ, ಬಿಲ್ ಬೇಡವೆಂದರೆ ಇನ್ನೂ ಸ್ವಲ್ಪ ಬಿಡುತ್ತೇವೆ ಎಂದರು. ಮಾರಿದ ವಸ್ತುವಿಗೆ ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಹೆಸರಿಸಿದೆ. ಕಾಯ್ದೆಯ ಮಾತು ಹಾಗಿರಲಿ, ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಎಂಜಿನ್ ಕೈಕೊಟ್ಟರೆ ಬಿಲ್ ಇಲ್ಲದವರು ಯಾವ ಮುಖ ಹೊತ್ತು ಅಂಗಡಿಗೆ ಹೋಗಬೇಕು?

ಮೂರನೆಯ ಅಂಗಡಿಯಲ್ಲಿ ನನ್ನನ್ನು ಮಾತನಾಡಿಸಿದವರಿಗೆ ಮೂವತ್ತೈದರ ಆಸುಪಾಸು ಇರಬೇಕು; ಮೊದಲು ಮೆಕ್ಯಾನಿಕ್ ಆಗಿದ್ದು ಆಮೇಲೆ ಮಾರಾಟಕ್ಕೆ ಬಂದವರು. ‘ಬನ್ನಿ ಅಮ್ಮ, ಕೂತುಕೊಳ್ಳಿ’ ಎಂದವರೇ ಕ್ಯಾಟಲಾಗನ್ನು ಬದಿಗಿಟ್ಟು ಒಂದು ನೋಟ್‌ಬುಕ್ ತೆಗೆದರು. ಎಷ್ಟು ಎಕರೆ, ಕೆರೆಯಿಂದ ತೋಟದ ತುದಿಗೆ ಎಷ್ಟು ದೂರ, ಹಳೆಯ ಪೈಪು ಯಾವ ಅಳತೆಯದು, ದಿನಕ್ಕೆ ಎಷ್ಟು ಕೆಲಸಗಾರರು ಸಿಗುತ್ತಾರೆ ಎಂದು ಕೇಳುತ್ತಾ ಬರೆದುಕೊಂಡರು. ಆಮೇಲೆ ಕೇಳಿದ ಪ್ರಶ್ನೆಯನ್ನು ಬೇರೆ ಯಾರೂ ಕೇಳಿರಲಿಲ್ಲ: ‘ನಿಮ್ಮ ಕಡೆ ಆನೆ ಬರುತ್ತದೆಯೇ ಅಮ್ಮ?’ ನಮ್ಮ ತೋಟ ಇರುವುದು ಸಿದ್ದಾಪುರ, ಪಾಲಿಬೆಟ್ಟದ ನಡುವೆ. ಅಲ್ಲಿ ಸಂಜೆ ಐದರ ಮೇಲೆ ತೋಟದೊಳಗೆ ಯಾರನ್ನೂ ಕಳುಹಿಸಲು ಮನಸ್ಸು ಬರುವುದಿಲ್ಲ. ಹಾಗಿದ್ದರೆ ರಾತ್ರಿ ಪೈಪು ಬದಲಿಸುವ ಲೆಕ್ಕ ಬೇಡ, ಹಗಲಿನಲ್ಲೇ ಮುಗಿಯುವಂತೆ ಪಂಪ್ ನೋಡಬೇಕು ಎಂದು ಅವರು ಬರೆದುಕೊಂಡಾಗ, ಈ ಮನುಷ್ಯ ನಮ್ಮ ತೋಟದಲ್ಲಿ ನಡೆಯುವ ಕೆಲಸವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುತ್ತಿದ್ದಾರೆ ಎಂಬುದು ನನಗೆ ಗೊತ್ತಾಯಿತು. ಬೆಲೆ ಕೇಳಿದ್ದಕ್ಕೆ, ‘ಜಾಗ ನೋಡದೆ ಹೇಳಿದರೆ ಅದು ಅಂದಾಜು ಆಗುತ್ತದೆ. ನಾಡಿದ್ದು ಬಂದು ಅಳೆದು ಹೇಳುತ್ತೇನೆ’ ಎಂದರು.

ಹೇಳಿದ ದಿನ, ಹೇಳಿದ ಹೊತ್ತಿಗೆ ಬೈಕಿನಲ್ಲಿ ಬಂದರು. ಕೈಯಲ್ಲಿ ಟೇಪು, ನೀರು ತುಂಬಿದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ. ಬಂದವರು ಮೊದಲು ಹುಡುಕಿದ್ದು ನಮ್ಮಲ್ಲಿ ಇಪ್ಪತ್ತು ವರ್ಷಗಳಿಂದ ಎಂಜಿನ್ ಓಡಿಸುತ್ತಿರುವವರನ್ನು. ‘ಅಣ್ಣ, ಇದನ್ನು ಹ್ಯಾಂಡಲ್ ಹಾಕಿ ಎಬ್ಬಿಸುವವರು ನೀವು, ನೀವು ಹೇಳಿ, ಹಳೆಯದರಲ್ಲಿ ಏನು ತೊಂದರೆ ಇತ್ತು?’ ಎಂದು ಕೇಳಿದಾಗ ಆ ಹಿರಿಯರ ಮುಖದಲ್ಲಿ ಕಂಡ ಬೆಳಕನ್ನು ನಾನು ಮರೆಯಲಾರೆ. ಯಂತ್ರಕ್ಕೆ ಹಣ ಕೊಡುವವರು ಒಬ್ಬರು, ಅದರ ಜೊತೆ ದಿನ ಕಳೆಯುವವರು ಇನ್ನೊಬ್ಬರು. ನಾನು ಕಂಡ ಮಾರಾಟಗಾರರಲ್ಲಿ ಹೆಚ್ಚಿನವರು ಎರಡನೆಯವರನ್ನು ತಿರುಗಿಯೂ ನೋಡುವುದಿಲ್ಲ. ಹಳೆಯ ಪಂಪ್ ದಿನದ ಕೊನೆಗೆ ನೀರೆತ್ತುವುದನ್ನೇ ನಿಲ್ಲಿಸುತ್ತಿತ್ತು ಎಂಬ ಮುಖ್ಯ ಸಂಗತಿ ಹೊರಬಂದದ್ದು ಅವರ ಬಾಯಿಂದಲೇ. ನನಗೆ ಅದು ತಿಳಿದೇ ಇರಲಿಲ್ಲ.

ಕೊಳವೆಯ ಎರಡು ತುದಿಗಳಲ್ಲಿ ನೀರಿನ ಮಟ್ಟ ನೋಡುತ್ತಾ, ಮೆಟ್ಟಿಲು ಮೆಟ್ಟಿಲಾಗಿ ಗುಡ್ಡ ಹತ್ತಿ ಅಳೆಯಲು ಸುಮಾರು ಒಂದು ಗಂಟೆ ಹಿಡಿಯಿತು. ಆಮೇಲೆ ಕೆರೆಯ ದಂಡೆಯಲ್ಲಿ ಕುಳಿತು ನನಗೆ ಅರ್ಥವಾಗುವ ಹಾಗೆ ಲೆಕ್ಕ ಬರೆದರು. ಒಂದು ಎಕರೆಗೆ ಒಂದು ಅಂಗುಲ ನೀರೆಂದರೆ ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಹೆಚ್ಚು. ಸೆಕೆಂಡಿಗೆ ಅರ್ಧ ಲೀಟರ್ ಹಾರಿಸುವ 14 ಜೆಟ್‌ಗಳನ್ನು, ಅಂದರೆ ತಿರುಗುತ್ತಾ ನೀರು ಚಿಮ್ಮುವ ಸ್ಪ್ರಿಂಕ್ಲರ್ ತಲೆಗಳನ್ನು, 12 ಮೀಟರ್ ಅಂತರದಲ್ಲಿ ನಿಲ್ಲಿಸಿದರೆ ಒಂದು ಸಲಕ್ಕೆ ಅರ್ಧ ಎಕರೆ ನೆನೆಯುತ್ತದೆ, ಅದಕ್ಕೆ ಎರಡು ಗಂಟೆ ಬೇಕು. ಬೆಳಿಗ್ಗೆ ಆರೂವರೆಗೆ ಶುರುಮಾಡಿ ನಾಲ್ಕು ಸಲ ಪೈಪು ಹೂಡಿದರೆ ಸಂಜೆ ಐದರೊಳಗೆ ಎರಡು ಎಕರೆ, ಮೂರು ದಿನಕ್ಕೆ ಇಡೀ ತೋಟ. ಇನ್ನು ಎತ್ತರದ ಲೆಕ್ಕ, ಇದರಲ್ಲಿ ಒತ್ತಡವನ್ನೂ ನೀರೆತ್ತುವ ಮೀಟರಿನಲ್ಲೇ ಎಣಿಸುತ್ತಾರೆ: ನೀರಿನಿಂದ ಪಂಪಿಗೆ 4 ಮೀಟರ್, ಪಂಪಿನಿಂದ ತೋಟದ ತುದಿಗೆ 22, ಜೆಟ್‌ನಲ್ಲಿ ಬೇಕಾಗುವ, ಚದರ ಸೆಂಟಿಮೀಟರಿಗೆ ಮೂರು ಕೆಜಿ ಒತ್ತಡಕ್ಕೆ 30, ಪೈಪಿನೊಳಗಿನ ಉಜ್ಜಾಟಕ್ಕೆ 9, ಒಟ್ಟು 65 ಮೀಟರ್. ಅಷ್ಟು ನೀರನ್ನು ಅಷ್ಟು ಎತ್ತರಕ್ಕೆ ದೂಡಲು ಪಂಪಿಗೆ ಹತ್ತು ಎಚ್‌ಪಿ ಸಿಗಬೇಕು, ಸ್ವಲ್ಪ ಬಲ ಉಳಿಸಿಕೊಂಡು ಓಡಲು ಎಂಜಿನ್ ಹನ್ನೆರಡು ಎಚ್‌ಪಿ ಇದ್ದರೆ ಸಾಕು. ಇಪ್ಪತ್ತು ಎಚ್‌ಪಿ ನಮಗೆ ದಂಡ, ಎಂಟು ಎಚ್‌ಪಿಯಾದರೆ ಮೇಲಿನ ಸಾಲಿನ ಜೆಟ್‌ಗಳು ನೀರನ್ನು ದೂರಕ್ಕೆ ಎಸೆಯಲಾರದೆ ನಡುನಡುವೆ ಒಣ ಜಾಗ ಉಳಿಯುತ್ತದೆ.

ಪೈಪಿನ ಬಗ್ಗೆ ಹೇಳಿದ ಮಾತು ನನಗೆ ಹೊಸದಾಗಿತ್ತು. ನಮ್ಮಲ್ಲಿದ್ದುದು 63 ಮಿ.ಮೀ. ಪೈಪು. ಅದರಲ್ಲೇ ಮುಖ್ಯ ಲೈನ್ ಎಳೆದರೆ 160 ಮೀಟರ್ ದೂರದಲ್ಲಿ ಉಜ್ಜಾಟಕ್ಕೇ 20 ಮೀಟರ್ ಎತ್ತರದಷ್ಟು ಒತ್ತಡ ಹೋಗುತ್ತದೆ, ಪ್ರತಿ ಗಂಟೆಯೂ ಅದಕ್ಕೆ ಡೀಸೆಲ್ ಸುಡಬೇಕು, 75 ಮಿ.ಮೀ. ಹಾಕಿದರೆ ಅದು ಒಂಬತ್ತಕ್ಕೆ ಇಳಿಯುತ್ತದೆ. ಹಾಗಾಗಿ ಮುಖ್ಯ ಲೈನಿಗೆ ಮಾತ್ರ ಹೊಸ ಪೈಪು ತೆಗೆದುಕೊಂಡು, ಹಳೆಯ ಪೈಪನ್ನು ಕವಲು ಸಾಲುಗಳಿಗೆ ಬಳಸಿ ಎಂದರು. ಹಳೆಯದನ್ನೆಲ್ಲ ಬಿಸಾಡಿ ಎಂದಿದ್ದರೂ ನಾನು ನಂಬುತ್ತಿದ್ದೆ, ಅವರ ಬಿಲ್ಲೂ ದೊಡ್ಡದಾಗುತ್ತಿತ್ತು.

ಅಷ್ಟಾದ ಮೇಲೆ ಅವರು ಕೆರೆಯನ್ನೂ ಅಳೆದರು. ಎಂಬತ್ತು ಅಡಿ ಉದ್ದ, ಐವತ್ತು ಅಡಿ ಅಗಲ. ಎಂಜಿನ್ ನೋಡಿಕೊಳ್ಳುವವರು ಹೇಳಿದ ಪ್ರಕಾರ ಜನವರಿಯಲ್ಲಿ ನೀರಿನ ಆಳ ಆರಡಿ. ದಂಡೆಯ ಇಳಿಜಾರನ್ನು ಕಳೆಯದೆ ಲೆಕ್ಕ ಹಾಕಿದರೂ ಸುಮಾರು 6.8 ಲಕ್ಷ ಲೀಟರ್. ಹೂವಿನ ನೀರಿಗೇ ಆರು ಲಕ್ಷಕ್ಕಿಂತ ಹೆಚ್ಚು ಬೇಕು, ಬ್ಯಾಕಿಂಗಿಗೆ ಮುಕ್ಕಾಲು ಅಂಗುಲ ಎಂದರೂ ಇನ್ನೊಂದು ನಾಲ್ಕೂವರೆ ಲಕ್ಷ ಬೇಕು. ‘ಅಮ್ಮ, ಈಗ ಎಂಜಿನ್ ಕೊಂಡು ಪ್ರಯೋಜನವಿಲ್ಲ. ನೀರು ತಳ ಸೇರಿರುವಾಗಲೇ ಹೂಳು ತೆಗೆಸಿ, ಮಳೆಗಾಲ ಮುಗಿಯಲಿ, ಕೆರೆ ಎಷ್ಟು ತುಂಬಿತು ಎಂದು ನೋಡಿ ಆಮೇಲೆ ಕೊಳ್ಳಿ’ ಎಂದು ಎದ್ದರು. ಹೋಗುವ ಮುಂಚೆ, ಕೆರೆಗೂ ಸ್ಪ್ರಿಂಕ್ಲರ್‌ಗೂ ಕಾಫಿ ಮಂಡಳಿಯಿಂದ ಸಹಾಯಧನ ಸಿಗುವ ಯೋಜನೆಗಳು ಬರುತ್ತಿರುತ್ತವೆ, ಕೆಲಸ ಶುರುಮಾಡುವ ಮೊದಲೇ ಸಂಪರ್ಕಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ ಎಂದೂ ನೆನಪಿಸಿದರು. ಕೈಗೆ ಬಂದಿದ್ದ ವ್ಯಾಪಾರವನ್ನು ಹೀಗೆ ಏಳೆಂಟು ತಿಂಗಳು ಮುಂದೂಡುವ ಧೈರ್ಯ ಎಷ್ಟು ಜನರಿಗೆ ಬರುತ್ತದೆ? ಆ ನಡುವೆ ನಾನು ಬೇರೆಡೆ ಕೊಳ್ಳಬಹುದಿತ್ತು. ಅವರ ಲೆಕ್ಕದ ಹಾಳೆ ನನ್ನ ಬಳಿಯೇ ಇತ್ತು, ಅದನ್ನು ಹಿಡಿದು ಎರಡನೆಯ ಅಂಗಡಿಗೆ ಹೋಗಿ ಹನ್ನೆರಡು ಎಚ್‌ಪಿ ಸೆಟ್ಟನ್ನು ಕಡಿಮೆಗೆ ತರಬಹುದಿತ್ತು. ಅದು ಅವರಿಗೂ ಗೊತ್ತಿತ್ತು. ಆದರೂ ಹಾಳೆಯನ್ನು ಬಿಟ್ಟೇ ಹೋದರು.

ಮೇ ತಿಂಗಳಲ್ಲಿ ಹಿಟಾಚಿ ತರಿಸಿ ಹೂಳು ತೆಗೆಸಿದೆವು. ಆ ತಿಂಗಳುಗಳಲ್ಲಿ ಅವರು ಫೋನ್ ಮಾಡಿದ್ದು ಎರಡೇ ಸಲ: ಒಮ್ಮೆ ಕೆಲಸ ಹೇಗಾಯಿತು ಎಂದು ಕೇಳಲು, ಇನ್ನೊಮ್ಮೆ ಅಕ್ಟೋಬರ್‌ನಲ್ಲಿ ಕೆರೆಯ ನೀರು ಎಷ್ಟಿದೆ ಎಂದು ತಿಳಿಯಲು. ಕೊಳ್ಳಿ ಎಂಬ ಮಾತು ಎರಡರಲ್ಲೂ ಬರಲಿಲ್ಲ.

ಡಿಸೆಂಬರ್‌ನಲ್ಲಿ ನಾನೇ ಅಂಗಡಿಗೆ ಹೋದೆ. ಎರಡನೆಯ ಅಂಗಡಿಯಲ್ಲಿ ಅದೇ ಸೆಟ್ಟಿನ ದರ ವಿಚಾರಿಸಿಕೊಂಡೇ ಹೋಗಿದ್ದೆ. ಇಲ್ಲಿ ಮೂರೂವರೆ ಸಾವಿರ ರೂಪಾಯಿ ಹೆಚ್ಚು. ಅದನ್ನು ನೇರವಾಗಿ ಹೇಳಿದೆ. ಅವರು ಆ ಅಂಗಡಿಯ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ‘ಅವರ ಮಾಲೂ ಒಳ್ಳೆಯದೇ ಅಮ್ಮ. ನಮ್ಮ ಬೆಲೆಯಲ್ಲಿ ಎಂಜಿನ್ ಕೂರಿಸಿ ಓಡಿಸಿ ತೋರಿಸುವುದು, ಮೊದಲ ನೀರಿನ ದಿನ ನಾನು ಬಂದು ನಿಲ್ಲುವುದು ಸೇರಿದೆ’ ಎಂದು, ಹೇಳಿದ್ದನ್ನೆಲ್ಲ ಬಿಲ್ಲಿನ ಹಿಂಬದಿಯಲ್ಲಿ ಬರೆದು ಸಹಿ ಹಾಕಿದರು. ಗಂಟೆಗೆ ಡೀಸೆಲ್ ಸುಮಾರು ಎರಡೂವರೆ ಲೀಟರ್ ಎಂಬುದನ್ನೂ ಬರೆದರು. ಬಾಯಿಮಾತಿನಲ್ಲಿ ಭರವಸೆ ಕೊಡುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ತನ್ನ ಮಾತನ್ನು ಮುಂದೆ ತನ್ನ ಮುಂದೆಯೇ ಹಿಡಿದು ಕೇಳಬಹುದಾದ ಹಾಗೆ ಬರೆದುಕೊಟ್ಟವರು ಇವರೊಬ್ಬರೇ. ಜೊತೆಗೆ ಒಂದು ತಗಡಿನ ಡಬ್ಬಿ ಕೊಟ್ಟರು: ಪೈಪಿನ ಜೋಡಣೆಗೆ ಹಾಕುವ ರಬ್ಬರ್ ವಾಷರುಗಳು, ಪಂಪಿನ ಒಂದು ಸೀಲ್, ಫುಟ್‌ವಾಲ್ವಿನ ಚರ್ಮ, ನಾಲ್ಕು ನಾಜಲ್. ಬಳಸಿದ್ದಕ್ಕೆ ಮಾತ್ರ ಹಣ, ಉಳಿದದ್ದನ್ನು ಮಳೆಗಾಲದಲ್ಲಿ ವಾಪಸು ಒಯ್ಯುವುದಾಗಿ ಒಪ್ಪಂದ. ಅಂಗಡಿ ಬಾಗಿಲು ಹಾಕಿರುವ ಭಾನುವಾರ ಎಪ್ಪತ್ತು ರೂಪಾಯಿಯ ವಾಷರಿಗಾಗಿ ದಿನದ ಕೆಲಸ ನಿಲ್ಲುವ ಸಂಕಟವನ್ನು ಅನುಭವಿಸಿದವರಿಗೆ ಈ ಡಬ್ಬಿಯ ಬೆಲೆ ತಿಳಿದೀತು.

ಈ ವರ್ಷ ಫೆಬ್ರುವರಿ ಕೊನೆಯಲ್ಲಿ ಕೊಯ್ಲು ಮುಗಿಸಿ ನೀರು ಹಾಯಿಸಲು ಶುರುಮಾಡಿದೆವು. ಮೊದಲ ದಿನ ಅವರು ಬಂದು, ಜೆಟ್ ಒಂದರ ಬಾಯಿಗೆ ಮೀಟರ್ ಹಿಡಿದು ಒತ್ತಡ ನೋಡಿದರು. ತೋಟದ ತುದಿಯಲ್ಲಿ ಮೂರು ಕೆಜಿಗೆ ತುಸು ಕಡಿಮೆ ಇತ್ತು, ನೀರು ಚೆನ್ನಾಗಿಯೇ ಹರಡುತ್ತಿತ್ತು. ಕೆರೆಯ ಬದಿಯಲ್ಲಿ ಒಂದು ಗೂಟ ನೆಟ್ಟು ಕೆಂಪು ಗೆರೆ ಎಳೆದು, ನೀರು ಅದಕ್ಕಿಂತ ಕೆಳಗೆ ಇಳಿದರೆ ಎಂಜಿನ್ನನ್ನು ಕೆಳಗಿನ ತಟ್ಟಿಗೆ ಇಳಿಸಬೇಕು ಎಂದರು. ಪಂಪ್ ನೀರನ್ನು ಎಳೆಯುವುದು ಗಾಳಿಯ ಒತ್ತಡದ ಬಲದಿಂದ; ಸಮುದ್ರಮಟ್ಟದಲ್ಲಿ ಲೆಕ್ಕಕ್ಕೆ ಸಿಗುವ ಹತ್ತು ಮೀಟರ್ ಚಿಲ್ಲರೆ, ನಮ್ಮ ಎತ್ತರದಲ್ಲಿ ಸುಮಾರು ಒಂದು ಮೀಟರ್ ಕಡಿಮೆಯಾಗುತ್ತದೆ, ಕೆಲಸದಲ್ಲಿ ಆರೇಳು ಮೀಟರಿಗಿಂತ ಹೆಚ್ಚು ನೆಚ್ಚುವಂತಿಲ್ಲ. ಹಳೆಯ ಪಂಪ್ ಸಂಜೆಯ ಹೊತ್ತಿಗೆ ನೀರೆತ್ತುವುದನ್ನು ನಿಲ್ಲಿಸುತ್ತಿದ್ದುದರ ಕಾರಣ ಆಗ ಎಲ್ಲರಿಗೂ ಅರ್ಥವಾಯಿತು: ಕೆರೆ ಇಳಿಯುತ್ತಿತ್ತು, ಎಂಜಿನ್ ಮಾತ್ರ ಇದ್ದಲ್ಲೇ ಇರುತ್ತಿತ್ತು.

ಎರಡನೆಯ ದಿನ ಬೆಳಿಗ್ಗೆ ಏಳಕ್ಕೆ ಪಂಪ್ ನೀರು ಎತ್ತಲಿಲ್ಲ. ನನ್ನ ಎದೆ ಹಿಂದಿನ ವರ್ಷದ ಹಾಗೆಯೇ ಹೊಡೆದುಕೊಂಡಿತು. ಫೋನ್ ಮಾಡಿದೊಡನೆ ಅವರು ಎತ್ತಿದರು, ನಮ್ಮ ಎಂಜಿನ್ ನೋಡಿಕೊಳ್ಳುವವರಿಗೆ ಫೋನ್ ಕೊಡಿ ಎಂದರು. ಎಂಜಿನ್ ನಿಲ್ಲಿಸಿ, ಪಂಪಿನ ಮೇಲಿನಿಂದ ಎಳೆಯುವ ಪೈಪಿಗೆ ನೀರು ತುಂಬಿಸಿ, ಎಲ್ಲಿ ಹನಿ ಒಸರುತ್ತದೆ ನೋಡಿ ಎಂಬುದು ಅವರ ಸಲಹೆ. ಓಡುವಾಗ ಗಾಳಿಯನ್ನು ಒಳಗೆಳೆದುಕೊಳ್ಳುವ ಬಿರುಕು, ನಿಂತಾಗ ನೀರನ್ನು ಹೊರಗೆ ಬಿಡುತ್ತದೆ. ಎರಡನೆಯ ಜೋಡಣೆಯಲ್ಲಿ ಹನಿ ಕಂಡಿತು, ಡಬ್ಬಿಯಿಂದ ವಾಷರ್ ತೆಗೆದು ಹಾಕಿದರು. ಒಂಬತ್ತರ ಹೊತ್ತಿಗೆ ಜೆಟ್‌ಗಳು ತಿರುಗುತ್ತಿದ್ದವು. ಅಂದು ಒಂದು ಸಲ ಪೈಪು ಹೂಡುವುದು ತಪ್ಪಿದ್ದರಿಂದ ಮೂರು ದಿನದ ಕೆಲಸ ನಾಲ್ಕನೆಯ ದಿನದ ಬೆಳಿಗ್ಗೆಗೆ ಮುಗಿಯಿತು. ಎಂಟನೆಯ ದಿನ ಆರು ಎಕರೆಯೂ ಒಂದೇ ಸಮನೆ ಅರಳಿ, ಮನೆಯ ಜಗಲಿಯವರೆಗೆ ಆ ಪರಿಮಳ ಬಂದಾಗ ನಾನು ಮೊದಲು ಫೋಟೋ ಕಳುಹಿಸಿದ್ದು ಮಗನಿಗೆ, ಎರಡನೆಯದು ಆ ಮಾರಾಟಗಾರರಿಗೆ.

ಕೊರತೆಗಳನ್ನೂ ಹೇಳಬೇಕು. ಸಾಗಾಣಿಕೆಯ ಖರ್ಚನ್ನು ಮೊದಲೇ ಹೇಳಿರಲಿಲ್ಲ. ಪಿಕಪ್ ವಾಹನ ಮನೆಯ ಮುಂದೆ ನಿಂತ ಮೇಲೆ ಎಂಟುನೂರು ರೂಪಾಯಿ ಕೇಳಿದರು. ಇಷ್ಟೆಲ್ಲ ಬರೆದುಕೊಡುವ ಅಂಗಡಿ ಅದನ್ನೂ ಬರೆಯಬೇಕಿತ್ತು. ವಾರಂಟಿ ಕಾರ್ಡಿಗೆ ಮುದ್ರೆ ಹಾಕಿಸಿಕೊಳ್ಳಲು ಮೂರು ವಾರ ಕಾಯಬೇಕಾಯಿತು. ಯಂತ್ರದ ಜೊತೆ ಬಂದ ಕೈಪಿಡಿ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇದೆ. ಅಂಗಡಿಯವರು ಮುಖ್ಯವಾದ ಹತ್ತು ಸಾಲುಗಳನ್ನಾದರೂ ಕನ್ನಡದಲ್ಲಿ ಅಚ್ಚು ಮಾಡಿಸಿ ಅಂಟಿಸಿದರೆ ಎಂಜಿನ್ ಓಡಿಸುವವರಿಗೆ ದೊಡ್ಡ ಉಪಕಾರ. ಎಲ್ಲಕ್ಕಿಂತ ಹೆಚ್ಚಿನ ಚಿಂತೆ ಇನ್ನೊಂದು: ಅವರು ರಜೆಯಲ್ಲಿದ್ದ ಒಂದು ದಿನ ನಾನು ಅಂಗಡಿಗೆ ಹೋದಾಗ ಅಲ್ಲಿದ್ದ ಹುಡುಗನಿಗೆ 63ಕ್ಕೂ 75ಕ್ಕೂ ವ್ಯತ್ಯಾಸ ತಿಳಿದಿರಲಿಲ್ಲ. ಒಬ್ಬರ ತಿಳಿವಳಿಕೆಯ ಮೇಲೆ ನಿಂತ ಹೆಸರನ್ನು ಉಳಿಸಿಕೊಳ್ಳಬೇಕಾದರೆ ಮಾಲೀಕರು ಆ ಹುಡುಗನನ್ನು ಅವರ ಬೈಕಿನ ಹಿಂದೆ ಕೂರಿಸಿ ತೋಟ ತೋಟಕ್ಕೆ ಕಳುಹಿಸಬೇಕು. ಸಾಲವನ್ನೂ ಇವರು ಕೊಡುವುದಿಲ್ಲ. ಕಾಫಿ ಮಾರಿದ ಮೇಲೆ ಹಣ ಕೊಡುವ ರೂಢಿಯಿರುವ ಸಣ್ಣ ಬೆಳೆಗಾರರಿಗೆ ಇದು ಕಷ್ಟವಾಗಬಹುದು.

ಇಷ್ಟಿದ್ದರೂ, ಐದರಿಂದ ಹದಿನೈದು ಎಕರೆಯ ಒಳಗಿನ, ಸ್ವಂತ ಎಂಜಿನಿಯರ್ ಇಲ್ಲದ ನಮ್ಮಂಥ ಬೆಳೆಗಾರರಿಗೆ ಈ ಅಂಗಡಿಯನ್ನು ನಾನು ಮನಸಾರೆ ಹೇಳುತ್ತೇನೆ. ಬೇಕಾದ ಅಳತೆ ಏನೆಂದು ಖಚಿತವಾಗಿ ತಿಳಿದವರು ಬೆಲೆ ನೋಡಿ ಎಲ್ಲಿ ಬೇಕಾದರೂ ಕೊಳ್ಳಬಹುದು. ಬೇರೆ ಅಂಗಡಿಗಳಲ್ಲಿ ಮಾರಾಟ ನೋಡಿಕೊಳ್ಳುವ ಯುವಕರು ಯಾರಾದರೂ ಇದನ್ನು ಓದುತ್ತಿದ್ದರೆ, ಕೂಪನ್ನಿಗೆ ಹಾಕುವ ಹಣದಲ್ಲಿ ಒಂದು ನೀರಿನ ಕೊಳವೆಯನ್ನೂ ಒಂದು ಒತ್ತಡದ ಮೀಟರನ್ನೂ ಕೊಂಡು ಗಿರಾಕಿಯ ತೋಟಕ್ಕೆ ಹೋಗಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮ ಅಕ್ಕಪಕ್ಕದ ಮೂರು ಮನೆಯವರು ಈಗಾಗಲೇ ಆ ಅಂಗಡಿಗೆ ಹೋಗಿ ಬಂದಿದ್ದಾರೆ, ಕಳುಹಿಸಿದ್ದು ನಾನೇ.

ಜೂನ್ ಎರಡನೆಯ ವಾರದಲ್ಲಿ, ಮಳೆ ಹಿಡಿದ ಮೇಲೆ, ಅವರು ಡಬ್ಬಿ ಒಯ್ಯಲು ಬಂದರು. ಬಳಸಿದ್ದು ಮೂರು ವಾಷರ್, ಒಂದು ನಾಜಲ್. ಅಷ್ಟಕ್ಕೆ ಹಣ ಪಡೆದು ಉಳಿದದ್ದನ್ನು ಎಣಿಸಿಕೊಂಡರು. ಡೀಸೆಲ್ ಎಷ್ಟು ಹೋಯಿತು ಎಂದು ಕೇಳಿದರು. ಗಂಟೆಗೆ ಎರಡೂಮುಕ್ಕಾಲು ಲೀಟರ್ ಹತ್ತಿರ ಎಂದಾಗ, ತಾನು ಬರೆದುಕೊಟ್ಟದ್ದು ಕಡಿಮೆಯಾಯಿತು ಎಂದು ನೋಟ್‌ಬುಕ್ ತೆಗೆದು ತಿದ್ದಿಕೊಂಡರು. ಪಂಪಿನೊಳಗೆ ನಿಂತಿದ್ದ ನೀರನ್ನು ಇಳಿಸಿ, ಎಂಜಿನ್ ಮೇಲೆ ಟಾರ್ಪಾಲು ಹೊದಿಸಿ, ಕಾಫಿ ಕುಡಿದು, ಮಳೆಯಲ್ಲೇ ಹೊರಟರು.